ಹೊಸ ನೀರಿನ ಕಡವು

"ಒಳಗ್ ಬರ್‌ಬ್ಯಾಡ ತಂಬಿ, ಅಲ್ಲೇ ಕೂತ್ಕೊ. ಮಂಚಾನೇ ಬಾಗಿಲ್ ತಾವ ಎಳ್ದಿದೀನಿ," ಎಂದಳು ಅಕ್ಕ ಓಚ್ಚಮ್ಮಾಳ್.

ಪಾಂಡಿ ಹೊಸ್ತಿಲಿನ ಹೊರಗೆ, ಜಗಲಿಯ ತಿಣ್ಣೆಯ ಅಂಚಿಗೆ ಕುಳಿತ. ಹೊಸ್ತಿಲಿನ ಒಳಗೆ ಹಗ್ಗದ ಮಂಚದ ಮೇಲೆ ಅವನ ಅಣ್ಣ ಅಳಗರ್ ಮಲಗಿದ್ದ. ಹದಿನೈದು ದಿನದ ಜ್ವರ ಅವನನ್ನು ಹಿಂಡಿ ಒಣಗಲು ಹಾಕಿದಂತಿತ್ತು. ಅಕ್ಕ ಚೆಂಬನ್ನು ಎತ್ತರಕ್ಕೆ ಹಿಡಿದು ಮಜ್ಜಿಗೆ ಸುರಿದಳು. ಪಾಂಡಿ ಬೊಗಸೆಯೊಡ್ಡಿ ಕುಡಿದ. ಆ ಮನೆಯ ಹಿತ್ತಾಳೆ ಚೆಂಬು ಅವನ ತುಟಿಗೆ ತಾಗಿ ಬಹಳ ವರ್ಷವಾಗಿತ್ತು.

ಇಪ್ಪತ್ತು ವರ್ಷದ ಹಿಂದೆ, ಧಾತು ವರ್ಷದ ಬರದಲ್ಲಿ, ತಮಿಳು ಸೀಮೆಯ ಈ ಮಾರ್ಕಯನ್‌ಕೋಟ್ಟೈಯ ಕನ್ನಡದ ಮನೆಗಳು ಅರ್ಧಕ್ಕರ್ಧ ಬರಿದಾಗಿದ್ದವು. ಅಳಗರ್ ಉಳಿದ ಜೋಡೆತ್ತು ಹೊಡೆದುಕೊಂಡು ದಿಂಡಿಗಲ್ ಕಡೆ ಹೋದವನು, ಕ್ಯಾಥೊಲಿಕ್ ಪಾದ್ರಿಗಳಾದ ಸಾಮಿಯಾರ್‌ಗಳ ಬರಪರಿಹಾರದ ಗಂಜಿತೊಟ್ಟಿಯಲ್ಲಿ ಉಳಿದ. ಪಾಂಡಿ ವತ್ತಲಗುಂಡಿಗೆ ಹೋಗಿ ಅಮೆರಿಕದ ಪ್ರಾಟೆಸ್ಟಂಟ್ ದೊರೆಗಳ ಮಿಷನ್ ಸೇರಿದ. ಇಬ್ಬರೂ ಬೇರೆ ಬೇರೆ ಕ್ರೈಸ್ತ ಹೆಸರು ಹೊತ್ತು ವಾಪಸು ಬಂದರು. ಮನೆಯಲ್ಲಿ ಆ ಹೆಸರು ಯಾರ ಬಾಯಿಗೂ ಬರಲಿಲ್ಲ. ಅಳಗರ್ ಜುಟ್ಟು ಬಿಡಲಿಲ್ಲ, ಕುಲದವರ ಪಂಕ್ತಿ ಬಿಡಲಿಲ್ಲ. ಒಂದು ಗೂಡಿನಲ್ಲಿ ಅಕ್ಕನ ದೀಪ, ಪಕ್ಕದ ಗೂಡಿನಲ್ಲಿ ಅವನ ಮರದ ಸಿಲುಬೆ. ಪಾಂಡಿಯ ದಾರಿಯೇ ಬೇರೆ. ಅವನ ಮಿಷನ್‌ನಲ್ಲಿ ಎಲ್ಲ ಕುಲದವರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಅವನು ಉಂಡ. ಜುಟ್ಟು ಕತ್ತರಿಸಿದ. ಉಪದೇಶಿಯಾರ್ ಆಗಿ ಸಂತೆಸಂತೆಗೆ ಹೋಗಿ ಸುವಾರ್ತೆ ಸಾರಿದ. ಅಂದಿನಿಂದ ತಿಣ್ಣೆಯೇ ಅವನ ಪಾಲಿನ ಮನೆ.

ಅಷ್ಟಾದರೂ ಅಣ್ಣತಮ್ಮಂದಿರು ಮಾತಾಡುತ್ತಿದ್ದರು. ಮಾತು ನಿಂತದ್ದು ಚಿನ್ನಮನೂರಿನ ಸಂತೆಯಿಂದ. ಅಲ್ಲಿ ಪಾಂಡಿ ಕಲ್ಲು ಹತ್ತಿ ನಿಂತು, "ಸಾಮಿಯಾರ್‌ಗಳು ಕ್ರಿಸ್ತನ ಮೈ ಅಂತ ಪೆಟ್ಟಿಗೇಲಿಟ್ಟು ಬೀಗ ಹಾಕ್ತಾರಲ್ಲ, ಆ ರೊಟ್ಟೀನ ಇಲಿ ಕಚ್ಕೊಂಡ್ ಹೋದ್ರೆ ಇಲಿಗೂ ಮೋಕ್ಷ ಸಿಗ್ತೈತೋ?" ಎಂದಿದ್ದ. ಸಂತೆ ಬಿದ್ದು ಬಿದ್ದು ನಕ್ಕಿತ್ತು. ಗುಂಪಿನ ಹಿಂದೆ ಈರುಳ್ಳಿ ಮೂಟೆ ಹೊತ್ತು ನಿಂತಿದ್ದ ಅಳಗರ್ ನಗಲಿಲ್ಲ.

"ಎಂಗಿದೀಯಣ್ಣ?" ಪಾಂಡಿ ತಿಣ್ಣೆಯಿಂದಲೇ ಕೇಳಿದ.

"ಹೊರಟಿದೀನಿ. ಗಾಡಿ ಕಟ್ಟಾಗೈತೆ," ಎಂದ ಅಳಗರ್. ಉಸಿರು ಎಳೆದುಕೊಂಡು ಮತ್ತೆ ಹೇಳಿದ, "ಹೋಗಿ ಸಾಮಿಯಾರ್‌ನ ಕರ್ಕೊಂಡ್ ಬಾ."

ಪಾಂಡಿ ಬರುವಾಗ ಬೈಬಲನ್ನು ಟವಲಿನಲ್ಲಿ ಸುತ್ತಿ ತಂದಿದ್ದ. ಅಣ್ಣನ ಪಕ್ಕ ಕೂತು ಕೀರ್ತನೆ ಓದಬೇಕು ಎಂದುಕೊಂಡಿದ್ದ. ಗಂಟನ್ನು ತೊಡೆಯ ಮೇಲಿಂದ ತೆಗೆದು ಹೊಸ್ತಿಲ ಮೇಲಿಟ್ಟ.

"ಅಣ್ಣ, ಒಂದ್ ಮಾತು ಕೇಳು. ಸಿಲುಬೆ ಮ್ಯಾಲೇ ಎಲ್ಲಾ ಮುಗ್ದೈತೆ. ನಿನ್ ಪಾಪಕ್ಕೂ ಸೇರ್ಸಿ ಅವ್ನೇ ರಗುತ ಕೊಟ್ಟವ್ನೆ. ನಂಬಿದ್ರೆ ಸಾಕು. ನಡುವೆ ಸಾಮಿಯಾರ್ ಯಾಕೆ, ಆ ರೊಟ್ಟಿ ಯಾಕೆ?"

"ನಂಬಿದ್ದಕ್ಕೇ ಕೇಳ್ತಿರೋದು."

"ನಂಬ್ದೋನ್ಗೆ ದಾರಿ ತೆರ್ದೇ ಐತೆ."

"ದಾರಿ ತೆರ್ದೈತೆ ಅಂತ ಬುತ್ತಿ ಬ್ಯಾಡ ಅಂತೀಯಾ?" ಅಳಗರನ ಕಣ್ಣು ಜ್ವರದಲ್ಲೂ ಚುರುಕಾಗಿತ್ತು. "ಅಪ್ಪ ಬೋಡಿಮೆಟ್ಟಿನ ಘಾಟಿ ಹತ್ತುವಾಗ ಒಂದ್ಸಲಾನಾದ್ರೂ ಬುತ್ತಿ ಇಲ್ದೆ ಹೋಗಿದ್ನಾ? ದಾರಿ ಅವ್ನಿಗೆ ಗೊತ್ತಿರ್ಲಿಲ್ವಾ?"

ಪಾಂಡಿ ಬಾಯಿ ತೆರೆದ. ಅಷ್ಟರಲ್ಲಿ ಓಚ್ಚಮ್ಮಾಳ್ ಚೆಂಬನ್ನು ಠಣ್ ಎಂದು ಕೆಳಗಿಟ್ಟಳು.

"ಅವ್ನು ಹೋದ್ಮ್ಯಾಲೆ ಒಬ್ನೇ ಕೂತ್ಕೊಂಡ್ ವಾದ ಮಾಡ್ಕೋ, ಗೆಲ್ತೀಯ. ನಿಮ್ ವೇದ ನಂಗೊತ್ತಿಲ್ಲ. ಕಂಬಂ ಊರಾಗೆ ನಮ್ ಕುಲದ ದೇವರ ದನ ಐತೆ. ನೊಗ ಕಟ್ಟಲ್ಲ, ಮಾರಲ್ಲ. ದಾರೀಲ್ ಹೋಗೋನ್ಗೆ ಅದು ಬರೀ ದನ. ಅಂಗಂತ ನಮ್ಗೂ ಬರೀ ದನಾನಾ? ಚಿಕ್ಕೋನಿದ್ದಾಗ ನೀನೂ ಅಡ್ಡ ಬಿದ್ದೋನೇ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಸಾಮಿಯಾರ್ ಇರೋದು ಹೊಳೆ ಆಚೆ. ನಮ್ ಪೈಕಿ ಯಾರನ್ನ ಕೇಳಿದ್ರೂ ಹೊಳೆಗಿಳಿಯಲ್ಲ ಅಂತಾರೆ. ನೀನೂ ಹೋಗಲ್ಲ ಅನ್ನು, ಕೇಳ್ಕೊಂಡ್ ಸುಮ್ನಿರ್ತೀನಿ."

ಪಾಂಡಿ ಬೈಬಲಿನ ಗಂಟನ್ನು ಹೊಸ್ತಿಲ ಮೇಲೆಯೇ ಬಿಟ್ಟು ಎದ್ದ.

ಹೊಳೆಗಿಳಿಯಲ್ಲ ಎಂದವರದ್ದು ತಪ್ಪಲ್ಲ. ಬೇಸಿಗೆ ಕಾಲಿಡುವ ಈ ಮಾಸಿ ತಿಂಗಳಲ್ಲಿ ಹಿಂದೆಲ್ಲ ಆ ಹೊಳೆ ಬರೀ ಮರಳು. ಹೆಂಗಸರು ಒರತೆ ತೋಡಿ ನೀರು ಮೊಗೆಯುತ್ತಿದ್ದರು, ಗಾಡಿಗಳು ಗಾಲಿ ನೆನೆಯದೆ ದಾಟುತ್ತಿದ್ದವು. ಬೆಟ್ಟದಾಚೆ ಪೆರಿಯಾರಿಗೆ ಅಣೆ ಕಟ್ಟಿ, ಬೆಟ್ಟ ಕೊರೆದು, ನಾಲ್ಕು ತಿಂಗಳ ಹಿಂದೆ ಐಪ್ಪಸಿಯಲ್ಲಿ ನೀರನ್ನು ಈ ಕಡೆಗೆ ತಿರುಗಿಸಿದ ಮೇಲೆ ಹೊಳೆ ಬತ್ತಲೇ ಇಲ್ಲ. ನೋಡಲು ಸುಮ್ಮನೆ ಮಲಗಿದಂತೆ ಕಾಣುವ ಹಸಿರು ನೀರು. ಇಳಿದರೆ ಎದೆಮಟ್ಟ, ಒಳಗೆ ಎಳೆತ. ಹೋದ ತಿಂಗಳು ತೈಯಲ್ಲಿ ಒಬ್ಬ ಹಳೆಯ ಅಭ್ಯಾಸದಲ್ಲಿ ಗಾಡಿ ಇಳಿಸಿದ್ದ. ಸಿಕ್ಕಿದ್ದು ನೊಗ ಮಾತ್ರ. ನೀರು ಹೊಸದು, ಕಾಲು ಹಳೇದು ಎಂದು ಊರವರು ಹೇಳಿಕೊಂಡರು. ಹರಿಗೋಲು ಇಡುವುದು ಇನ್ನೂ ಯಾರಿಗೂ ತೋಚಿರಲಿಲ್ಲ. ಸೇತುವೆ ಸುತ್ತಿ ಬರಲು ಇಡೀ ಹಗಲು ಬೇಕು. ಅಳಗರನ ಹತ್ತಿರ ಅಷ್ಟು ಹಗಲು ಇರಲಿಲ್ಲ.

ಪಾಂಡಿ ವೇಷ್ಟಿ ಎತ್ತಿ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಗಾಡಿಗಳು ಹೊಳೆ ದಾಟುತ್ತಿದ್ದ ಹಳೆಯ ಕಡವಿಗೆ ಇಳಿದ. ನೀರಿನ ತಳದ ಬಂಡೆಯಲ್ಲಿ ತಾತಮುತ್ತಾತಂದಿರ ಗಾಡಿಗಳು ಕೊರೆದ ಗಾಲಿಜಾಡು ಇತ್ತು. ಹುಡುಗನಾಗಿದ್ದಾಗ ಅವನೂ ಅಣ್ಣನೂ ಅದರ ಮೇಲೆಯೇ ಗಾಡಿ ಹೊಡೆದಿದ್ದರು. ಹೆಬ್ಬೆರಳಿನಿಂದ ಜಾಡನ್ನು ತಡವುತ್ತ, ಸಿಕ್ಕಲ್ಲಿ ಹಿಮ್ಮಡಿ ಊರುತ್ತ, ಅವನು ಆಚೆ ದಡ ಮುಟ್ಟಿದ.

ಹೊಳೆಯಾಚೆಯ ಹಳ್ಳಿಯಲ್ಲಿ ಸಾಮಿಯಾರು ಸಿಲುಬೆ ನೆಟ್ಟ ಕೋವಿಲಿನ ಮುಂದೆ ಹುಣಿಸೆ ಮರದಡಿ ಕೂತಿದ್ದರು. ಫ್ರಾನ್ಸಿನಿಂದ ಬಂದು ಗಡ್ಡ ಬೆಳ್ಳಗಾಗುವವರೆಗೆ ಈ ಕಣಿವೆಯಲ್ಲೇ ಉಳಿದ ಮುದುಕ. ತಮಿಳನ್ನು ಊರವರ ಹಾಗೆಯೇ ಎಳೆದು ಆಡುತ್ತಿದ್ದರು. ಒದ್ದೆಮೈಯಲ್ಲಿ ನಿಂತವನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಸಂತೆಯಲ್ಲಿ ಇಲಿಯ ಕತೆ ಹೇಳುವವನು ನೀನೇ ಅಲ್ಲವೇನಪ್ಪ?"

"ಹೌದು ಸಾಮಿ, ನಾನೇ. ನಮ್ಮ ಅಣ್ಣ ಸಾಯ್ತಾ ಇದಾನೆ. ನಿಮ್ಮನ್ನು ಕೇಳ್ತಾ ಇದಾನೆ."

ಮುದುಕರು ಮತ್ತೇನೂ ಕೇಳಲಿಲ್ಲ. ಕೈ ತೊಳೆದು ಕೋವಿಲಿನೊಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ, "ಪ್ರಭುವಿನ ಮೈಯನ್ನು ಎತ್ತಿಕೊಂಡ ಮೇಲೆ ನಾನು ಮಾತಾಡುವುದಿಲ್ಲ. ತಪ್ಪು ತಿಳಿಯಬೇಡ," ಎಂದರು. ಹೊರಗೆ ಬಂದಾಗ ಅವರ ಎದೆಯ ಮೇಲೆ ರೇಷ್ಮೆ ಚೀಲದಲ್ಲಿ ಪುಟ್ಟ ಬೆಳ್ಳಿ ಡಬ್ಬಿ ಇತ್ತು. ಬಲಗೈ ಅದರ ಮೇಲಿತ್ತು.

ದಡಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಸಾಮಿಯಾರು ನೀರನ್ನೂ ತಮ್ಮ ಮುದಿ ಮೊಣಕಾಲನ್ನೂ ನೋಡಿದರು.

"ಡಬ್ಬಿ ಕೊಡಿ ಸಾಮಿ. ತಲೆ ಮೇಲಿಟ್ಟು ದಾಟಿಸ್ತೀನಿ. ನೀವು ನನ್ನ ಭುಜ ಹಿಡಿದು ಬನ್ನಿ," ಎಂದು ಪಾಂಡಿ ಕೈ ಚಾಚಿದ.

ಅವರು ತಲೆಯಲ್ಲಾಡಿಸಿ ಅಂಗೈಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡರು. ಪಾಂಡಿಗೆ ಅರ್ಥವಾಯಿತು. ಗುರುದೀಕ್ಷೆಯ ಅಭಿಷೇಕವಾಗದ ಕೈ ಅದನ್ನು ಮುಟ್ಟಬಾರದು. ಕ್ರಿಸ್ತನನ್ನು ನಂಬಿದವರೆಲ್ಲ ಗುರುಗಳೇ, ನಡುವೆ ಮಡಿಯ ಗೋಡೆ ಇಲ್ಲ ಎಂದು ಅವನು ಎಷ್ಟು ಸಂತೆಗಳಲ್ಲಿ ಸಾರಿದ್ದನೋ. ಆ ಮಾತುಗಳೆಲ್ಲ ಈಗಲೂ ನಾಲಗೆಯ ತುದಿಗೆ ಬಂದು ನಿಂತವು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಆಮೇಲೆ ದಡದ ಮರಳಲ್ಲಿ ಮೊಣಕಾಲೂರಿ ಬೆನ್ನು ಬಗ್ಗಿಸಿದ.

"ಹಂಗಾದ್ರೆ ನೀವೇ ಹತ್ತಿ ಸಾಮಿ."

ಸಾಮಿಯಾರು ಅವನ ಹೆಗಲು ಹತ್ತಿದರು. ಅವರ ಜೋಡನ್ನು ದಾರದಲ್ಲಿ ಕಟ್ಟಿ ಪಾಂಡಿ ತನ್ನ ಕೊರಳಿಗೆ ಹಾಕಿಕೊಂಡ. ಕೋಲೂರಿ ನೀರಿಗಿಳಿದ. ನಡುಹೊಳೆಯಲ್ಲಿ ನೀರು ಎದೆಗೆ ಬಂದು, ಎಳೆತ ಪಕ್ಕೆಗೆ ಒದೆಯಿತು. ಒಂದು ಕಡೆ ಜಾಡು ಕಾಲಿಗೆ ತಪ್ಪಿತು. ಅವನು ಅಲ್ಲಾಡದೆ ನಿಂತ. ಮೇಲೆ ಮುದುಕರು ಉಸಿರು ಬಿಗಿಹಿಡಿದದ್ದು ಅವನ ನೆತ್ತಿಗೆ ತಿಳಿಯಿತು. ಎಡಗಾಲನ್ನು ಮೆಲ್ಲಗೆ ಆಡಿಸಿ, ತಡವಿ, ಕೊರಕಲು ಸಿಕ್ಕ ಮೇಲೆಯೇ ಬಲಗಾಲು ಎತ್ತಿದ. ಬಾಯಲ್ಲಿ ಅವನ ಮಿಷನ್‌ನ ಕೀರ್ತನೆ ಇತ್ತು; ಮೇಲಿನಿಂದ ಲ್ಯಾಟಿನಿನ ಪಿಸುಮಾತು ಕೇಳುತ್ತಿತ್ತು.

ಈಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮುರುಗನ್ ಎತ್ತಿದ ಬಟ್ಟೆಯನ್ನು ಹಾಗೇ ಹಿಡಿದು ನಿಂತ.

"ಏನ್ ಉಪದೇಶಿಯಾರೇ! ರೊಟ್ಟಿ ಸಾಮಿಗೆ ಕುದ್ರೆ ಆಗ್ಬಿಟ್ರಾ?"

"ಕತ್ತೆ ಅನ್ನು ಮುರುಗಾ," ಎಂದ ಪಾಂಡಿ ಏದುಸಿರಿನಲ್ಲಿ. "ನಮ್ ಯೇಸು ಸಾಮಿ ಹತ್ತಿದ್ದೂ ಕತ್ತೇನೇ."

"ನಿಮ್ ಮಿಷನ್ ದೊರೆಗೆ ಸುದ್ದಿ ಮುಟ್ಟುಸ್ಲಾ?"

"ನಿಂಗ್ಯಾಕ್ ತೊಂದ್ರೆ? ನಾನೇ ಹೇಳ್ತೀನಿ."

ಮನೆಯಲ್ಲಿ ಓಚ್ಚಮ್ಮಾಳ್ ಸಗಣಿ ಸಾರಿಸಿ, ಒಗೆದ ಬಿಳಿಬಟ್ಟೆ ಹಾಸಿ, ಅಳಗರ್ ಹೇಳಿದ ಹಾಗೆ ಮೇಣದ ಬತ್ತಿ ಹಚ್ಚಿಟ್ಟಿದ್ದಳು. ಸಾಮಿಯಾರು ಹೊಸ್ತಿಲು ದಾಟಿದರು. ಅವಳು ಒದ್ದೆಯಾಗಿ ನಿಂತ ತಮ್ಮನ ಕಡೆ ನೋಡಿದಳು. ಏನೋ ಯೋಚಿಸಿ ಹೊಸ್ತಿಲ ಮೇಲಿದ್ದ ಬೈಬಲಿನ ಗಂಟನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು.

"ನೀನೂ ಬಾ."

ಎಷ್ಟು ವರ್ಷದ ಮೇಲೆ ಬಂದ ಮಾತು ಅದು. ಪಾಂಡಿ ಹೊಸ್ತಿಲ ತನಕ ಬಂದು ನಿಂತ.

"ಅದ್ ಮುಗೀಲಿ ಅಕ್ಕ. ಅವ್ರ ಪೂಜೆ ನಡೀವಾಗ ನಮ್ ಮಿಷನ್‌ನೋನು ಬರಬಾರ್ದು."

ಅಳಗರನ ಪಾಪನಿವೇದನೆ ಕೇಳಲು ಸಾಮಿಯಾರು ಓಚ್ಚಮ್ಮಾಳನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ಅಕ್ಕತಮ್ಮ ತಿಣ್ಣೆಯ ಮೇಲೆ ಕೂತರು. ಪಾಂಡಿಯ ವೇಷ್ಟಿಯಿಂದ ಇಳಿದ ನೀರು ಮಣ್ಣಿನಲ್ಲಿ ಸಣ್ಣ ಕಾಲುವೆ ಮಾಡಿಕೊಂಡು ಹೋಗುತ್ತಿತ್ತು.

"ನಿಂಗೆ ಅದು ಬರೀ ರೊಟ್ಟೀನೇ ತಾನೆ?" ಓಚ್ಚಮ್ಮಾಳ್ ಮೆಲ್ಲಗೆ ಕೇಳಿದಳು.

"ಊಂ. ಬರೀ ರೊಟ್ಟೀನೇ. ಅದ್ರಾಗ್ ನಾನು ಸುಳ್ ಹೇಳಾಕಿಲ್ಲ."

"ದೊರೆ ಕೆಲ್ಸ ಕಿತ್ಕೊಂಡ್ರೆ?"

"ಉಳೋದು ಮರ್ತಿಲ್ಲ."

ಒಳಗಿನಿಂದ ಪ್ರಾರ್ಥನೆಯ ದನಿ ಏರಿತು. ಪಾಂಡಿ ಎದ್ದು ನಿಂತ. ಮೊಣಕಾಲೂರಲಿಲ್ಲ, ಕೈ ಮುಗಿಯಲಿಲ್ಲ. ಸುಮ್ಮನೆ ತಲೆ ತಗ್ಗಿಸಿ, ಅದು ಮುಗಿಯುವವರೆಗೆ ನಿಂತೇ ಇದ್ದ.

ಬಾಗಿಲು ತೆರೆದಾಗ ಅವನು ಒಳಗೆ ಹೋದ. ಅಳಗರನ ಮುಖದ ಗಂಟು ಬಿಚ್ಚಿತ್ತು. ತಮ್ಮನ ಒದ್ದೆಕೈಯನ್ನು ಹುಡುಕಿ ಹಿಡಿದ.

"ಬುತ್ತಿ ನೆನೀತಾ?"

"ಇಲ್ಲ. ಒಂದ್ ಹನೀನೂ ತಾಕ್ಲಿಲ್ಲ."

"ಜಾಡು?"

"ಅಂಗೇ ಐತೆ."

ಅಳಗರ್ ತಲೆಯಾಡಿಸಿದ. ಅಷ್ಟೇ ಅವರು ಆಡಿದ್ದು. ಸ್ವಲ್ಪ ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿ, ಬೆಳಗಿನಿಂದ ಇಲ್ಲದ ಸಮಾಧಾನದಲ್ಲಿ ಉಸಿರಾಡತೊಡಗಿದ. ಪಕ್ಕದ ಮನೆಯ ಚಿನ್ನತಾಯಿ ಮಂಚದ ಬಳಿ ಬಂದು ಕೂತಳು.

ಸಾಮಿಯಾರನ್ನು ಬೆಳಕಿರುವಾಗಲೇ ದಾಟಿಸಬೇಕಿತ್ತು. ಓಚ್ಚಮ್ಮಾಳ್ ದಡದವರೆಗೂ ಬಂದಳು. ನೀರಿನ ಅಂಚಿನಲ್ಲಿ ಮುದುಕರು ನಿಂತು, ಈಗ ಬಾಯಿ ಬಿಟ್ಟು ಮಾತಾಡಿದರು.

"ಡಬ್ಬಿ ಬರಿದಾಗಿದೆಯಪ್ಪ. ಇನ್ನು ನಾನು ನೆನೆದರೆ ನಷ್ಟವಿಲ್ಲ. ಕೈ ಹಿಡಿದುಕೋ, ನಡೆದೇ ಬರುತ್ತೇನೆ."

ಪಾಂಡಿ ಅವರ ಜೋಡನ್ನು ತೆಗೆದುಕೊಂಡು ಕೊರಳಿಗೆ ಹಾಕಿಕೊಂಡ. ಮರಳಲ್ಲಿ ಮೊಣಕಾಲೂರಿದ.

"ಹತ್ತಿ ಸಾಮಿ."

ನೀರು ಸೊಂಟಕ್ಕೇರಿದಾಗ ಮೇಲಿನಿಂದ ಮುದುಕರ ದನಿ ಕೇಳಿತು. "ಏನಪ್ಪ ಉಪದೇಶಿಯಾರ್, ಭಾರ ಸ್ವಲ್ಪ ಕಮ್ಮಿಯಾಗಿದೆಯೋ?"

ಪಾಂಡಿ ನಿಂತು ಹೆಗಲನ್ನು ಒಮ್ಮೆ ಸರಿಮಾಡಿಕೊಂಡ. ತೂಗಿ ನೋಡುವವನ ಹಾಗೆ ಸ್ವಲ್ಪ ಯೋಚಿಸಿದ.

"ಇಲ್ಲ ಸಾಮಿ. ಅಷ್ಟೇ ಇದೆ."

ಸಾಮಿಯಾರು ನಗತೊಡಗಿದರು. ಆ ನಗೆಗೆ ಮೈ ಅಲ್ಲಾಡಿ, "ಸುಮ್ನಿರಿ ಸಾಮಿ, ಜಾಡು ತಪ್ತದೆ," ಎಂದು ಗದರಿದ ಪಾಂಡಿಯೂ ನಗುತ್ತಿದ್ದ. ಇಬ್ಬರ ನಗೆಯೂ ನೀರಿನ ಮೇಲೆ ತೇಲಿ ಈಚೆ ದಡಕ್ಕೆ ಬಂತು. ಜೋಡು ಅವನ ಕೊರಳಲ್ಲಿ ತೂಗಾಡುತ್ತ ಬೆಳಕಿನೊಳಗೆ ಸಣ್ಣದಾಯಿತು.

ಓಚ್ಚಮ್ಮಾಳ್ ಒಗೆಯುವ ಕಲ್ಲಿನ ಮೇಲೆ ಕೂತಳು. ತಮ್ಮ ವಾಪಸು ಬರಲು ಹೊತ್ತು ಹಿಡಿಯುತ್ತದೆ. ಬರುವಾಗ ಅವನ ಕೈಗೇ ಕೊಡಲೆಂದು ತುಂಬಿಸಿಕೊಂಡು ಬಂದಿದ್ದ ಮಜ್ಜಿಗೆಯ ಹಿತ್ತಾಳೆ ಚೆಂಬನ್ನು ಮಡಿಲಲ್ಲಿಟ್ಟು, ಧೂಳು ಬೀಳದ ಹಾಗೆ ಸೆರಗು ಮುಚ್ಚಿದಳು.