ಗಿಡದ ಬೆನ್ನು

ದೇವರಿಗೆ ಮುಖವಿರುತ್ತದೆ, ಬೆನ್ನನ್ನು ಯಾರೂ ನೋಡುವುದಿಲ್ಲ. ನನ್ನ ಗಂಡ ಭೀಮಶಿ ಹದಿನೆಂಟು ವರ್ಷ ಗಣಪತಿ ಮಂಟಪ ಕಟ್ಟಿದ್ದು ಹೀಗೆಯೇ. ಮುಂದೆ ಜರಿ, ಕನ್ನಡಿ, ಝಗಮಗಿಸುವ ದೀಪ. ಹಿಂದೆ ಬಿದಿರು, ಸುತಳಿ, ಹರಿದ ಗೋಣಿತಟ್ಟು. ಮದುವೆ ಮಂಟಪಕ್ಕೂ ಅದೇ ರೀತಿ. ಅವರ ಪಕ್ಕದಲ್ಲಿ ಕೂತು ನಾನು ಕಲಿತದ್ದೂ ಅದನ್ನೇ. ಕ್ರಿಸ್ಮಸ್ ಗಿಡಕ್ಕೆ ಸುತ್ತಲೂ ಮುಖ ಎಂದು ನನಗೆ ಯಾರಾದರೂ ಹೇಳಿದ್ದರಾ? ಇಲ್ಲ. ಕೇಳುವ ಬುದ್ಧಿ ನನಗಾದರೂ ಬಂತಾ? ಅದೂ ಇಲ್ಲ. ಹದಿನೈದು ಅಡಿಯ ಪ್ಲಾಸ್ಟಿಕ್ ಗಿಡದ ಅರ್ಧವನ್ನಷ್ಟೇ ಸಿಂಗರಿಸಿ, ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಂಡು ಬಂದ ಮಹಾ ಜಾಣೆ ನಾನು, ಮಂಗಲಾ, ಗೋವೆಯ ಝುವಾರಿನಗರದವಳು.

ಈ ಸಲ ಚವತಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಭೀಮಶಿ ಏಣಿಯಿಂದ ಬಿದ್ದರು. ತೊಡೆಯ ಎಲುಬಿಗೆ ರಾಡು ಹಾಕಿದ್ದಾರೆ, ಇನ್ನೂ ಗೋಡೆ ಹಿಡಿದೇ ನಡೆಯುತ್ತಾರೆ. ಅವರ ಸಾಮಾನೆಲ್ಲ ಒಂದು ತಗಡಿನ ಟ್ರಂಕಿನಲ್ಲಿದೆ: ಇಕ್ಕಳ, ತಂತಿ, ದೀಪದ ಸರ, ದಾರದ ಉಂಡೆ. ನಮ್ಮ ಕಡೆಯವರಲ್ಲಿ ಆ ಟ್ರಂಕು ಯಾರ ಕೈಯಲ್ಲೋ ಅವರೇ ಮೇಸ್ತ್ರಿ. ಕೀಲಿಕೈ ಅತ್ತೆ ದಾನವ್ವನ ಸೊಂಟದಲ್ಲಿ. ಬೋಗ್ಮಾಳೋ ಕಡೆಯ ಒಂದು ಹೋಟೆಲಿನಿಂದ ಗಿಡ ಸಿಂಗರಿಸುವ ಕೆಲಸ ಬಂದಾಗ ಮೈದುನ ಈರೇಶ ಮುಂದೆ ಬಂದ. ಹೆಂಗಸರು ಏಣಿ ಹತ್ತುವುದು ಚಂದವಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಹದಿನೆಂಟು ವರ್ಷ ಜರಿ ಕತ್ತರಿಸಿದವಳು ನಾನು, ಅಂಟು ಹಚ್ಚಿದವಳು ನಾನು. ಇವನು ಬಂದರಿನಲ್ಲಿ ಮೂಟೆ ಎಣಿಸುತ್ತಿದ್ದವನು.

ಅತ್ತೆ ಇಬ್ಬರನ್ನೂ ಕೂರಿಸಿ ಮಾತು ಮುಗಿಸಿಬಿಟ್ಟಳು. "ಇಪ್ಪತ್ತೆರಡಕ್ಕ ಸಂಜಿ ಐದಕ್ಕ ಗಿಡಾ ನೋಡಿ ಹೋಟೆಲ್ ನಡಸೂ ಬಾಯಿ ಹೂಂ ಅಂದ್ರ ಟ್ರಂಕು ಮಂಗಲಂದು. ಉಹೂಂ ಅಂದ್ರ ಈರೇಶಂದು. ಆಮ್ಯಾಲ ಯಾರೂ ಅಳಕೋತ ಕುಂದ್ರಬ್ಯಾಡ್ರಿ."

ಟ್ರಂಕು ಹೋದರೆ ನನಗೆ ಉಳಿಯುವುದು ಪಕ್ಕದೂರು ಸಾಂಕೋಲೆಯಲ್ಲಿ ಕಟ್ಟಡದ ಕೆಲಸ. ಮದುವೆಗೆ ಮುಂಚೆ ಆರು ವರ್ಷ ಅಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಿದ್ದೇನೆ. ನನ್ನ ನೆತ್ತಿಯ ಕೂದಲು ಉದುರಿದ್ದು ಅಲ್ಲಿಯೇ. ಮತ್ತೆ ಆ ಬುಟ್ಟಿಯ ಕೆಳಗೆ ತಲೆ ಕೊಡಲು ನನಗೆ ಮನಸ್ಸಿರಲಿಲ್ಲ.

ಹೋಟೆಲಿನ ಮ್ಯಾನೇಜರು ಎಸ್ಪೆರಾನ್ಸಾ ಬಾಯಿ; ಬಾಯಿ ಅಂದರೆ ಇಲ್ಲಿ ಅಮ್ಮಾವರು. ಕೊಂಕಣಿ, ಹಿಂದಿ ಎರಡನ್ನೂ ಕಲಸಿ ಮಾತಾಡುತ್ತಾರೆ. ನಾನಿಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಮೊದಲ ದಿನವೇ ಫೋನಿನಲ್ಲಿ ಒಂದು ಚಿತ್ರ ತೋರಿಸಿ ಕಟ್ಟುಪಾಡು ಹಾಕಿದರು. "ಕೆಂಪು-ಬಂಗಾರ ಬೇಡ, ಅದು ಎಲ್ಲರ ಮನೆಯಲ್ಲೂ ಇದೆ. ಏಳು ಬಣ್ಣದ ದೀಪ ಅಂತೂ ಬೇಡವೇ ಬೇಡ. ಈ ವರ್ಷ ಬಿಳಿ, ಬೆಳ್ಳಿ, ಅಷ್ಟೇ. ಮೊದಲು ದೀಪ. ಅದು ನಡುವಿನ ಕಂಬದಿಂದ ಟೊಂಗೆಯ ತುದಿಗೆ ಬರಬೇಕು. ತೂಗುಹಾಕುವ ಹೊಳೆಯುವ ಗುಂಡುಗಳಲ್ಲಿ ದೊಡ್ಡವು ಒಳಗೆ, ಸಣ್ಣವು ತುದಿಗೆ. ರಿಬ್ಬನ್ನನ್ನು ಸೀರೆ ಸುತ್ತಿದ ಹಾಗೆ ಸುತ್ತಬೇಡಿ, ಮೇಲಿನಿಂದ ಕೆಳಗೆ ಇಳಿಬಿಡಿ."

ಹೋಟೆಲಿನ ಮುಂಬಾಗಿಲ ಪಡಸಾಲೆಯಲ್ಲಿ ಅಕ್ಷರ ತಪ್ಪದಂತೆ ಹಾಗೆಯೇ ಮಾಡಿದೆ, ಮೂರು ದಿನ. ನಮ್ಮ ಓಣಿಯ ಚಂದಪ್ಪ ಏಣಿ ಹಿಡಿದ. ಗಿಡದ ಹಿಂದೆ ಬಣ್ಣ ಬಳಿಯುವವರು ಕಟ್ಟಿದ್ದ ದಪ್ಪ ಪ್ಲಾಸ್ಟಿಕ್ ಹಾಳೆ ಛಾವಣಿಯಿಂದ ನೆಲದವರೆಗೆ ಇಳಿಬಿದ್ದಿತ್ತು. ಅದರಾಚೆ ಗೋಡೆ ಇದೆ ಎಂದು ನನ್ನ ಲೆಕ್ಕ. ತಂದ ಬಿಳಿ ಗುಂಡು, ಬೆಳ್ಳಿ ನಕ್ಷತ್ರ ಎಲ್ಲವನ್ನೂ ಬಾಗಿಲಿನ ಕಡೆಗೇ ಸುರಿದೆ. ಬೆನ್ನಿಗೆ ತಂತಿಯ ಗಂಟು, ಟೇಪು, ಕಬ್ಬಿಣದ ಕಂಬ ಎಲ್ಲ ಹಾಗೇ ಬಿಟ್ಟೆ.

ಇಪ್ಪತ್ತೆರಡರ ಮಧ್ಯಾಹ್ನ ಒಂದಕ್ಕೆ ಬಣ್ಣದವರು ಬಂದು ಹಾಳೆಯ ಹಗ್ಗ ಬಿಚ್ಚಿದರು. ಅದು ಜರ್ರನೆ ಕೆಳಗೆ ಬಿತ್ತು. ಹಿಂದೆ ಗೋಡೆ ಇರಲಿಲ್ಲ. ಗಾಜು ಇತ್ತು. ಗಾಜಿನಾಚೆ ಊಟದ ಕೋಣೆ, ಸಾಲು ಸಾಲು ಮೇಜು. ಸೂಪು ಕುಡಿಯುತ್ತಿದ್ದ ಒಬ್ಬ ಮುದುಕ ಚಮಚ ಎತ್ತಿದವನು ಎತ್ತಿದ ಹಾಗೆಯೇ ನನ್ನ ಗಿಡದ ಬೋಳು ಬೆನ್ನನ್ನು ನೋಡುತ್ತಿದ್ದ.

ಅದೇ ಹೊತ್ತಿಗೆ ಈರೇಶ ಊಟದ ಡಬ್ಬಿ ಹಿಡಿದುಕೊಂಡು ಬಂದ, ಹಿಂದೆಯೇ ಅತ್ತೆ. ಐದರ ತೀರ್ಪನ್ನು ಕಣ್ಣಾರೆ ನೋಡಬೇಕಂತೆ. ಈರೇಶ ಗಿಡವನ್ನು ಒಂದು ಸುತ್ತು ಹಾಕಿ ಬಂದು ಹಲ್ಲು ಕಿರಿದ.

"ಭಾಳ ಚಲೋ ಮಾಡೀರಿ ವೈನಿ. ಅರ್ಧಾ ಗಿಡಕ್ಕ ಹಬ್ಬ, ಅರ್ಧಾ ಗಿಡಕ್ಕ ಸೂತಕ."

"ನಗಬ್ಯಾಡೋ ಈರೇಶಾ, ಮೈ ಉರೀತೈತಿ ನನಗ."

ಅತ್ತೆ ಹೋಗಿ, ಈ ಕೆಲಸಕ್ಕೆಂದು ತಾನೇ ಬೀಗ ತೆಗೆದು ಕಳಿಸಿದ್ದ ಟ್ರಂಕಿನ ಮೇಲೆ ಕೂತಳು. ಬೈದಿದ್ದರೂ ಚೆನ್ನಾಗಿತ್ತು.

ಬಾಯಿ ಪಣಜಿಗೆ ಹೋಗಿದ್ದರು. ಐದಕ್ಕೆ ಅತಿಥಿಗಳ ಜೊತೆ ಬಂದು ದೀಪ ಹೊತ್ತಿಸುವವರು. ಅಂದರೆ ನಾಲ್ಕು ತಾಸು. ವಾಸ್ಕೋದಲ್ಲಿ ಇಂಥ ಸಾಮಾನು ಮಾರುವ ಬೆಳಗಾವಿಯ ಶಿವಲಿಂಗಪ್ಪನವರಿಗೆ ಫೋನು ಹಚ್ಚಿದೆ.

"ಬಿಳೀದು ಎಂದೋ ಖಾಲಿ ಆತಲ್ಲ ತಂಗಿ. ಈ ವರ್ಷ ಎಲ್ಲಾರಿಗೂ ಬಿಳೀದ ಬೇಕು. ಕೆಂಪು ಐತಿ, ಬಂಗಾರದ್ದು ಐತಿ, ಕಳಸ್ಲೇನು?"

"ಕಳಸ್ರಿ ಅನ್ರಿ!" ಎಂದು ಈರೇಶ ಪಕ್ಕದಿಂದ ಒದರಿದ. ಬಾಯಿ ಬೇಡವೇ ಬೇಡ ಎಂದ ಬಣ್ಣವನ್ನೇ ತಂದು ಅವರ ಗಿಡಕ್ಕೆ ಹಚ್ಚಿದರೆ ನನ್ನನ್ನು ಗೇಟಿನಿಂದಲೇ ಆಚೆ ಹಾಕುತ್ತಾರೆ. ಫೋನು ಇಟ್ಟೆ. ಚಂದಪ್ಪ ಮುಂದಿನವನ್ನು ಅರ್ಧ ಬಿಚ್ಚಿ ಹಿಂದಕ್ಕೆ ಹಾಕೋಣ ಎಂದ. ಹತ್ತು ಹನ್ನೆರಡು ಗುಂಡು ಬಿಚ್ಚಿ ದೂರ ನಿಂತು ನೋಡಿದರೆ ಮುಂದಿನ ಭಾಗ ಹಲ್ಲು ಬಿದ್ದ ಬಾಯಿಯಾಗಿತ್ತು. ಮತ್ತೆ ಹಾಕಿದೆವು. ಅಷ್ಟರಲ್ಲಿ ಎರಡು ಗಂಟೆ.

ಅವರ ಮುಂದೆ ಅಳಬಾರದು ಎಂದು ಅಡುಗೆಮನೆಯ ಹಿತ್ತಲಿಗೆ ಹೋದೆ. ಅಲ್ಲಿ ಅಡುಗೆಯ ದಸ್ತಗೀರ ಬುಟ್ಟಿ ಸುರಿಯುತ್ತಿದ್ದ. ಇಂಡಿ ಕಡೆಯವನು, ಮೂರು ದಿನದಿಂದ ನನಗೆ ಚಹಾ ಕೊಟ್ಟವನು.

"ಯಾಕಕ್ಕಾ, ಅಳಾಕತ್ತೀರೇನು?"

"ಇಲ್ಲ, ನಗಾಕತ್ತೇನಿ. ಕಣ್ಣ ಕಾಣಂಗಿಲ್ಲೇನು ನಿನಗ?"

ಅವನು ಸುರಿಯುತ್ತಿದ್ದದ್ದು ತಿಸ್ರಿಯ ಚಿಪ್ಪು. ಗೋವೆಯವರು ಬಾಯಿ ಚಪ್ಪರಿಸಿಕೊಂಡು ತಿನ್ನುವ, ಹೆಬ್ಬೆರಳಿನ ತುದಿಯಷ್ಟು ದೊಡ್ಡದಾದ, ಜೋಡಿ ಚಿಪ್ಪಿನೊಳಗಿರುವ ಸಮುದ್ರದ ಹುಳು. ನಿನ್ನೆಯ ಪಾರ್ಟಿಯದು, ಇವತ್ತಿನ ಊಟದ್ದು, ಎರಡು ದೊಡ್ಡ ಬುಟ್ಟಿ. ಬೆಂದು ಬಾಯಿ ತೆರೆದಿದ್ದವು. ಎರಡು ಹೋಳು ಮೂಲೆಯಲ್ಲಿ ಇನ್ನೂ ಅಂಟಿಕೊಂಡಿದ್ದವು. ಒಳಮೈ ಬಿಳಿ. ಬಿಸಿಲಿಗೆ ಅದು ಬೆಳ್ಳಿಯ ಹಾಗೆ ಮಿಂಚಿತು. ಬಿಳಿ, ಬೆಳ್ಳಿ, ಅಷ್ಟೇ ಎಂದ ಬಾಯಿಯ ಮಾತು ಕಿವಿಯಲ್ಲಿ ಕೇಳಿತು.

"ದಸ್ತಗೀರಣ್ಣಾ, ಇದನ್ನ ಚೆಲ್ಲಬ್ಯಾಡ. ನಾರಲಾರದಂಗ ಮಾಡಾಕ ಬರ್ತೈತೇನು?"

ಅವನು ಬುಟ್ಟಿಗಳನ್ನು ಒಳಗೆ ಎತ್ತಿಕೊಂಡು ಹೋದ. ಸೋಡಾ, ನಿಂಬೆಹಣ್ಣು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬ್ರಷ್ಷಿನಿಂದ ತಿಕ್ಕಿ, ಮಾಳಿಗೆಯ ಮೇಲೆ ಬಟ್ಟೆ ಹಾಸಿ ಹರವಿದ. ಅವು ಒಣಗುವವರೆಗೆ ನಾನು ಬಿಸಿಲಲ್ಲೇ ನಿಂತೆ. ಎಷ್ಟು ಸಲ ಗಡಿಯಾರ ನೋಡಿದೆನೋ ಶಿವನಿಗೇ ಗೊತ್ತು. ಕೆಳಗೆ ತಂದಾಗ ಮೂರೂ ಕಾಲು.

ಈರೇಶ ಎರಡು ಹೆಜ್ಜೆ ಹಿಂದೆ ಸರಿದ. "ಏ ವೈನಿ, ಥೂ! ನಾ ಮುಟ್ಟಾಂಗಿಲ್ಲ ಇದನ್ನ. ಲಿಂಗಾ ಕಟ್ಟಿದ ಮನಿತಾನ ನಮ್ದು."

ಅವನು ಸುಳ್ಳು ಹೇಳಲಿಲ್ಲ. ನಮ್ಮ ಮನೆಯಲ್ಲಿ ತತ್ತಿಯ ಹೆಸರೆತ್ತಿದರೂ ಅತ್ತೆ ಬಾಯಿ ಮುಕ್ಕಳಿಸುತ್ತಾಳೆ. ನಾನೂ ಅದೇ ಮನೆಯವಳು. ಆದರೂ ಕೂತೆ. ಒಂದು ಚಿಪ್ಪಿಗೆ ಮೊಳೆಯಿಂದ ತೂತು ಕೊರೆದೆ, ಫಳ್ ಎಂದು ಒಡೆಯಿತು. ಇನ್ನೊಂದು, ಅದೂ ಅಷ್ಟೇ. ಆಗ ಎರಡು ಹೋಳು ಕೂಡುವ ಆ ಮೂಲೆ ಕಣ್ಣಿಗೆ ಬಿತ್ತು. ಮೊಗ್ಗಿಗೆ ತೊಟ್ಟು ಇರುವ ಹಾಗೆ ಇತ್ತು ಅದು. ತೂತು ಯಾಕೆ ಬೇಕು? ಹೂವು ಕಟ್ಟುವ ಗಂಟು ಸಾಕಲ್ಲ! ದಾರ ಹಿಡಿದು ಕಟ್ಟತೊಡಗಿದೆ. ನಾಲ್ಕು ಕಟ್ಟಿದರೆ ಎರಡು ಜಾರುತ್ತಿದ್ದವು. ಹೀಗೆ ಕಟ್ಟಿದರೆ ಐದಕ್ಕಲ್ಲ, ನಾಳೆ ಐದಕ್ಕೂ ಮುಗಿಯುವುದಿಲ್ಲ. ಈರೇಶ ಆಗಲೇ ನೆಲದ ಮೇಲಿದ್ದ ಇಕ್ಕಳ, ತಂತಿ ಆರಿಸಿ ಟ್ರಂಕಿನ ಪಕ್ಕ ಜೋಡಿಸುತ್ತಿದ್ದ, ಅವನದೇ ಎಂಬಂತೆ.

"ಏನ್ ಗಂಟ್ ಅದು ಮಂಗಲಾ?" ಟ್ರಂಕಿನ ಮೇಲಿಂದ ಅತ್ತೆಯ ದನಿ ಬಂತು. ಮಧ್ಯಾಹ್ನದಿಂದ ಅವಳ ಮೊದಲ ಮಾತು. "ಎಮ್ಮಿ ಕಟ್ಟಾಕತ್ತೀಯೇನು?"

ಅತ್ತೆ ಮೂವತ್ತು ವರ್ಷ ಗುಡಿಯ ಮುಂದೆ ಅಬೋಲಿ, ಅಂದರೆ ಕನಕಾಂಬರದ, ಮಾಲೆ ಕಟ್ಟಿ ಮಾರಿದವಳು. ಹೂವು ಬಾಡಿದರೂ ಅವಳ ಗಂಟು ಸಡಿಲುವುದಿಲ್ಲ.

"ನನಗ ಬರೂದು ಇಷ್ಟ ರಿ ಅತ್ತಿ," ಎಂದೆ. ಸಿಟ್ಟು ಬಂತು. "ಸೋತ್ರ ಬುಟ್ಟಿ ಹೊರತೇನಿ, ಏನ್ ಮಾಡ್ಲಿ? ಆದ್ರ ಐದರ ತನಕ ನಾ ಏಳಂಗಿಲ್ಲ. ಯಾರರ ಟ್ರಂಕಿಗೆ ಕೈ ಹಚ್ಚಿದ್ರ ಆ ಕೈ ಮುರೀತೇನಿ."

ಈರೇಶನ ಕೈ ನಿಂತಿತು. ಅತ್ತೆ ಎದ್ದು ಬಂದಳು. ಕೊರಳಿನ ಲಿಂಗದ ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿ, ಮೇಲೆ ಸೆರಗು ಎಳೆದುಕೊಂಡಳು. "ಶಿವಾ, ಒಂದ್ ಗಳಿಗಿ ಆ ಕಡೆ ನೋಡಪಾ," ಎಂದು ನೆಲಕ್ಕೆ ಕೂತು, ಎರಡು ಬೆರಳಲ್ಲಿ ಒಂದು ಚಿಪ್ಪು ಎತ್ತಿದಳು.

"ಯವ್ವಾ! ಅದು..."

"ಗೊತ್ತೈತಿ ಬಿಡೋ, ಕಣ್ಣ ಅದಾವ ನನಗ. ಗಂಟ್ ಹಾಳಾಗೂದು ನೋಡ್ಕೋತ ಕುಂದ್ರಾಕ ಆಗೂದಿಲ್ಲ ನನ್ನ ಕಡಿಂದ."

ಅವಳ ಬೆರಳು ಓಡಿದ್ದನ್ನು ನೀವು ನೋಡಬೇಕಿತ್ತು. ಎರಡು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಎಳೆತ. ನಾನು ಚಿಪ್ಪು ಆರಿಸಿ ಕೈಗೆ ಕೊಡುತ್ತಾ ಹೋದೆ, ಮಾರುದ್ದದ ಸರಗಳು ಒಂದೊಂದಾಗಿ ಬೀಳುತ್ತಾ ಬಂದವು. ನಾಲ್ಕೂಕಾಲು ಗಂಟೆಗೆ ಒಂಬತ್ತು ಸರ. ಅವನ್ನು ಕೊರಳಿಗೆ ಹಾಕಿಕೊಂಡು ಏಣಿಯ ಬುಡಕ್ಕೆ ಹೋದೆ.

ಭೀಮಶಿ ಬಿದ್ದದ್ದು ಇದೇ ಏಣಿಯಿಂದ. ಮೂರು ದಿನ ಮುಂದಿನ ಕಡೆ ಹತ್ತುವಾಗ ಆ ನೆನಪನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಅವಸರದಲ್ಲಿ, ಹತ್ತನೇ ಮೆಟ್ಟಿಲಲ್ಲಿ, ಚಪ್ಪಲಿ ಜಾರಿತು. ಚಿಪ್ಪುಗಳೆಲ್ಲ ಎದೆಯ ಮೇಲೆ ಗಲಗಲ ಎಂದವು. ಎರಡೂ ಕೈಯಿಂದ ಏಣಿ ತಬ್ಬಿಕೊಂಡು ಕಣ್ಣು ಮುಚ್ಚಿದೆ.

"ಮಂಗಲಕ್ಕಾ, ಇಳೀರಿ," ಎಂದ ಚಂದಪ್ಪ ಕೆಳಗಿನಿಂದ.

"ಸುಮ್ನ ಹಿಡಿಯೋ!" ಎಂದೆ. ಚಪ್ಪಲಿಯನ್ನು ಒದ್ದು ಕೆಳಗೆ ಬೀಳಿಸಿ ಮೇಲೆ ಹತ್ತಿದೆ.

ಸರಗಳನ್ನು ಮೇಲಿನಿಂದ ಕೆಳಗೆ ಇಳಿಬಿಟ್ಟೆ, ಬಾಯಿ ಹೇಳಿದ ಹಾಗೆಯೇ. ಅತ್ತೆ ಕಟ್ಟುತ್ತಿದ್ದಳು, ಚಂದಪ್ಪ ಎಟುಕಿಸುತ್ತಿದ್ದ. ಕೊನೆಯ ಸರ ಹಾಕಿ ನೆಲಕ್ಕೆ ಕಾಲಿಟ್ಟಾಗ ಬಾಗಿಲಲ್ಲಿ ಕಾರಿನ ಸದ್ದು. ಐದಕ್ಕೆ ಎರಡು ನಿಮಿಷ.

ಎಸ್ಪೆರಾನ್ಸಾ ಬಾಯಿ ಇಪ್ಪತ್ತು ಮೂವತ್ತು ಜನರ ಜೊತೆ ಒಳಗೆ ಬಂದು ಗುಂಡಿ ಒತ್ತಿದರು. ದೀಪ ಹೊತ್ತಿಕೊಂಡವು, ಜನ ಚಪ್ಪಾಳೆ ತಟ್ಟಿದರು. ಬಾಯಿ ತಲೆಯಾಡಿಸಿದರು. "ಸರಿ ಇದೆ. ಎಲ್ಲ ಹೋಟೆಲಿನಲ್ಲೂ ಇರುವ ಹಾಗೆ ಇದೆ," ಎಂದು ನಿಧಾನವಾಗಿ ಸುತ್ತು ಹಾಕಿ ಹಿಂದಕ್ಕೆ ಹೋದರು. ಅಲ್ಲಿ ನಿಂತುಬಿಟ್ಟರು. ಒಂದು ಚಿಪ್ಪು ಹಿಡಿದು ತಿರುಗಿಸಿದರು, ಮೂಗಿನ ಹತ್ತಿರ ತಂದರು.

"ಇದು ತಿಸ್ರಿ."

"ಹೌದ್ರಿ ಬಾಯಿ."

"ನಾನು ತಿಸ್ರಿ ಹೇಳಿರಲಿಲ್ಲ."

"ಇಲ್ರಿ ಬಾಯಿ." ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಹಿಂದ ಹಚ್ಚೂದು ಮರತಿದ್ದೆ. ನಮ್ಮ ಮಂಟಪಕ್ಕ ಹಿಂದ ಅನ್ನೂದ ಇರಂಗಿಲ್ಲ. ತಪ್ಪ ನಂದ."

ಕಂಬದ ದೀಪಗಳ ಬೆಳಕು ಒಳಗಿನಿಂದ ಹಾಯ್ದು ಬಂದು ಚಿಪ್ಪುಗಳೆಲ್ಲ ಬೆಳಗುತ್ತಿದ್ದವು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಗಾಜಿನಾಚೆ ಊಟಕ್ಕೆ ಕೂತವರು ಎದ್ದು ಬಂದು ಗಾಜಿಗೆ ಮೂಗು ಹಚ್ಚಿ ನಿಂತಿದ್ದರು. ಬಾಯಿ ಮುಂದೆ ಬಂದು ಮತ್ತೊಮ್ಮೆ ನೋಡಿದರು, ಹಿಂದೆ ಹೋಗಿ ಇನ್ನೊಮ್ಮೆ ನೋಡಿದರು.

"ಗಿಡ ತಿರುಗಿಸಿ," ಎಂದರು. "ಈ ಕಡೆ ಬಾಗಿಲಿಗೆ ಬರಲಿ. ಬಂದವರು ಮೊದಲು ಇದನ್ನು ನೋಡಬೇಕು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಈರೇಶನಿಗೆ ತಕ್ಷಣ ಅರ್ಥವಾಯಿತು. ಜನರನ್ನು ಸರಿಸಿ ಮುಂದೆ ಹಾರಿ ಬುಡಕ್ಕೆ ಕೈ ಹಚ್ಚಿದ. "ಹಿಡೀರಿ, ಹಿಡೀರಿ! ಚಂದಪ್ಪಾ, ನೀ ಆ ಕಡಿ ಬಾ! ನಾ ಹೇಳಿದಂಗ ಎತ್ರಿ!"

"ಈರೇಶಾ, ಕೈ ಬಿಡು," ಎಂದಳು ಅತ್ತೆ. ದೊಡ್ಡ ದನಿಯಲ್ಲೇನಲ್ಲ. "ಮೇಸ್ತ್ರಿ ಹೇಳ್ಲಿ."

ಎಲ್ಲರೂ ಮೇಸ್ತ್ರಿ ಯಾರು ಎಂದು ಸುತ್ತಲೂ ನೋಡಿದರು. ನಾನೂ ಹದಿನೆಂಟು ವರ್ಷದ ರೂಢಿಯಂತೆ, ಭೀಮಶಿ ಎಲ್ಲಿ ಎಂದು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ಈರೇಶ, ನೀ ಬುಡಾ ಹಿಡಿ," ಎಂದೆ. "ಚಂದಪ್ಪ, ಎಡಕ್ಕ. ಸಾವಕಾಶ. ಚಿಪ್ಪ ಒಡೀಬಾರ್ದು. ಹೂಂ, ತಿರಗಸ್ರಿ."

ಅವರು ತಿರುಗಿಸಿದರು. ಅತ್ತೆ ಸೊಂಟದ ಕೀಲಿಕೈ ಬಿಚ್ಚಿ ಟ್ರಂಕಿನ ಮೇಲೆ ಇಟ್ಟಳು. ಆಮೇಲೆ ತನ್ನ ಬೆರಳು ಮೂಸಿ ಮುಖ ಕಿವಿಚಿದಳು.

"ನಾರತೈತಿ," ಎಂದಳು. "ಗಿಡಾ ಇಟ್ಟ ಮ್ಯಾಲ ನನಗೊಂದ್ ನಿಂಬಿಹಣ್ಣ ತೊಗೊಂಬಾರೋ ಈರೇಶಾ."