ಎಡಕ್ಕೆ ವಾಲಿದ ಹೊಲಿಗೆ

ಆ ಬೀದಿಯ ದುಡ್ಡನ್ನು ಒಗೆದು ಒಣಹಾಕಬಹುದಿತ್ತು. ಬೇರೆ ಕಡೆ ಜೇಬಲ್ಲಿ ಮರೆತ ನೋಟು ನೀರಿಗೆ ಬಿದ್ದರೆ ಜನ ಎದೆ ಬಡಿದುಕೊಳ್ಳುತ್ತಾರೆ. ಇಲ್ಲಿ ಅದು ಹೋದದ್ದಕ್ಕಿಂತ ಗಟ್ಟಿಮುಟ್ಟಾಗಿ ವಾಪಸ್ ಬರುತ್ತಿತ್ತು. ಇಸ್ತ್ರಿಯವನಂತೂ ಅದಕ್ಕೂ ಒಂದು ಕೈ ಇಸ್ತ್ರಿ ಹೊಡೆದು, "ಈ ಊರಲ್ಲಿ ಕಪ್ಪು ಹಣ ಬಿಳಿ ಮಾಡೋನು ನಾನೊಬ್ಬನೇ, ಅದೂ ಪುಕ್ಕಟೆ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ದುಡ್ಡು ಬಟ್ಟೆಯದು. ಅಂಗೈ ಅಗಲದ ಎರಡು ಪದರ ಕೋರಾ ಬಟ್ಟೆ, ನಾಲ್ಕೂ ಅಂಚಿಗೆ ಕೈಹೊಲಿಗೆ. ಹೆಸರು 'ತುಂಡು'. ಒಂದು ತುಂಡಿಗೆ ಒಂದು ಬ್ರೆಡ್ಡು, ಇಲ್ಲವೇ ಒಂದು ಗಡ್ಡ, ಇಲ್ಲವೇ ಬೂಟಿನ ಅಟ್ಟೆಗೆ ಒಂದು ಸಾಲು ಮೊಳೆ. ಕುಡುಕನೊಬ್ಬ ತನ್ನ ಪ್ಯಾಂಟಿನ ಹಿಂಭಾಗ ಹರಿದಾಗ ಎರಡು ತುಂಡನ್ನೇ ತೇಪೆ ಹಾಕಿಸಿಕೊಂಡಿದ್ದನಂತೆ. ದುಡ್ಡಿನ ಮೇಲೆ ಕೂತವರು ಲೋಕದಲ್ಲಿ ಬಹಳ ಜನ, ಎದ್ದು ಹೋಗುವಾಗಲೂ ಅದು ಅಂಟಿಕೊಂಡೇ ಹೋಗುತ್ತಿದ್ದದ್ದು ಅವನೊಬ್ಬನಿಗೇ.

ಇದೆಲ್ಲ ಶುರುವಾದದ್ದು ಮುಖ್ಯರಸ್ತೆಯಲ್ಲಿ ತಣ್ಣನೆ ಗಾಳಿ ಬೀಸುವ ದೊಡ್ಡಂಗಡಿ ಬಾಗಿಲು ತೆರೆದ ಮೇಲೆ. ಬೀದಿಯ ದುಡ್ಡೆಲ್ಲ ಒಂದು ಸಲ ಅಲ್ಲಿಗೆ ಹೋಯಿತು, ಮುನಿಸಿಕೊಂಡ ನೆಂಟರ ಹಾಗೆ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೇಕರಿಯಲ್ಲಿ ಉಳಿದ ಬ್ರೆಡ್ಡು ಕಲ್ಲಾಗಿ, ಬೇಕರಿಯವನು ಅದನ್ನು ಬಾಗಿಲಿಗೆ ಒತ್ತು ಕೊಡಲು ಬಳಸುತ್ತಿದ್ದ. ಕ್ಷೌರದವನು ಕೈ ಮರೆತುಹೋಗಬಾರದೆಂದು ದಿನಾ ತನ್ನ ತಲೆಯನ್ನೇ ಬೋಳಿಸಿಕೊಳ್ಳುತ್ತಿದ್ದ. ಕೊನೆಗೆ ಎಲ್ಲರೂ ಟೈಲರ್ ಅಂಗಡಿಯಲ್ಲಿ ಸೇರಿದರು. ಅಷ್ಟು ಸ್ಟೂಲುಗಳು ಬೇರೆ ಯಾರ ಹತ್ತಿರವೂ ಇರಲಿಲ್ಲ. ನಮ್ಮ ದುಡ್ಡು ನಾವೇ ಮಾಡಿಕೊಳ್ಳೋಣ, ಬೀದಿಯಲ್ಲಿ ಹುಟ್ಟಿ ಬೀದಿಯಲ್ಲೇ ಸುತ್ತಲಿ ಎಂದು ತೀರ್ಮಾನವಾಯಿತು. ಮೊದಲು ಕಾಗದದಲ್ಲಿ ಮಾಡಿದರು. ವಾರ ಕಳೆಯುವುದರಲ್ಲಿ ಅಚ್ಚು ಹಾಕಿಸಿದ್ದಕ್ಕಿಂತ ದುಪ್ಪಟ್ಟು ನೋಟು ಓಡಾಡತೊಡಗಿತು. ಕ್ಷೌರದವನ ಭಾಮೈದನಿಗೆ ಜೆರಾಕ್ಸ್ ಅಂಗಡಿ ಇತ್ತು.

ಆಗ ಎಲ್ಲರ ಕಣ್ಣೂ ಮೂಲೆಯಲ್ಲಿ ಕಾಜ ಹೊಲಿಯುತ್ತಿದ್ದ ಟೈಲರನ ಹೆಂಡತಿಯ ಮೇಲೆ ಬಿತ್ತು. ಎಡಗೈಯವಳು, ಅದಕ್ಕೇ ಬೀದಿಗೆಲ್ಲ ಎಡಚಕ್ಕ. ಚಿಕ್ಕವಳಿದ್ದಾಗ ತಾಯಿಯ ಎದುರಿಗೆ ಕೂತು, ಕನ್ನಡಿ ನೋಡಿದ ಹಾಗೆ ಹೊಲಿಗೆ ಕಲಿತವಳು. ಲೋಕದವರ ಹೊಲಿಗೆ ಬಲಕ್ಕೆ ವಾಲಿದರೆ ಅವಳದು ಎಡಕ್ಕೆ. ಸಾಲದ್ದಕ್ಕೆ ಪ್ರತಿ ಮೂರು ಹೊಲಿಗೆಗೊಮ್ಮೆ ಉಸಿರು ಬಿಟ್ಟ ಹಾಗೆ ಒಂದು ಗಿಡ್ಡ ಹೊಲಿಗೆ. ತಪ್ಪು ತಪ್ಪು ಎಂದು ತಾಯಿ ಬೆರಳ ಗೆಣ್ಣಿಗೆ ಬಾರಿಸಿದರೂ ಹೋಗದ ಆ ತಪ್ಪೇ ಬೀದಿಯ ರಾಜಮುದ್ರೆಯಾಯಿತು. ಯಾವ ಮಷೀನಿಗೂ ಅದು ಬರಲಿಲ್ಲ. ಕ್ಷೌರದವನ ಭಾಮೈದ ಪ್ರಯತ್ನಪಟ್ಟು ಹೆಬ್ಬೆರಳನ್ನು ಅಂಗಿಗೆ ಸೇರಿಸಿ ಹೊಲಿದುಕೊಂಡ.

ಪರೀಕ್ಷೆಯ ಕೆಲಸ ದಿನಸಿ ಅಂಗಡಿಯವನಿಗೆ ಬಿತ್ತು. ಅವನು ಹುಟ್ಟು ಅನುಮಾನದವನು, ಹೆಂಡತಿ ಕೊಟ್ಟ ಕಾಫಿಯನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವವನು. ಅವನ ಕೈಯಲ್ಲಿ ಸದಾ ಇರುತ್ತಿದ್ದ ಗಾಜಿನಿಂದ ಅವನಿಗೆ ಬಿದ್ದ ಹೆಸರು ಭೂತಗನ್ನಡಿ.

ತುಂಡು ಓಡತೊಡಗಿತು. ಬೆಳಿಗ್ಗೆ ಬ್ರೆಡ್ಡಿಗೆ ಕೊಟ್ಟದ್ದು ಮಧ್ಯಾಹ್ನಕ್ಕೆ ಬೇಕರಿಯವನ ಗಡ್ಡವಾಗಿ, ಸಂಜೆಗೆ ಕ್ಷೌರದವನ ಪ್ಯಾಂಟಿನ ಗುಂಡಿಯಾಗಿ ಟೈಲರ್ ಅಂಗಡಿಗೇ ಬಂದು ಬೀಳುತ್ತಿತ್ತು. ಮುಖ್ಯರಸ್ತೆಯವರೆಗೆ ಹೋದರೂ ದೊಡ್ಡಂಗಡಿ ಅದನ್ನು ಮೂಸುತ್ತಿರಲಿಲ್ಲ. ಪಾಪ, ಅದು ತಿರುಗಿ ಮನೆಗೇ ಬರಬೇಕಾಗಿತ್ತು. ಬೇಕರಿಯ ಬಾಗಿಲಿಗೆ ಈಗ ನಿಜವಾದ ಕಲ್ಲು ಇಟ್ಟರು. ಕ್ಷೌರದವನ ತಲೆಯಲ್ಲಿ ಕೂದಲು ಬಂತು. ಸವೆದ ತುಂಡುಗಳು ಎಡಚಕ್ಕನ ಬುಟ್ಟಿಗೆ ಬಂದು ಬಿದ್ದರೆ ಅಷ್ಟೇ ಹೊಸವು ಹೊರಗೆ ಹೋಗುತ್ತಿದ್ದವು. ಅವಳು ಬೀದಿಗೆಲ್ಲ ಅಕ್ಕನಾದ್ದರಿಂದ ಟೈಲರ್ ಬೀದಿಗೆಲ್ಲ ಭಾವ. ಭಾವನಾದ ಮೇಲೆ ಗೇಲಿ ಮಾಡಿಸಿಕೊಳ್ಳುವುದೂ ಕಸುಬಿನ ಒಂದು ಭಾಗ. "ಏನ್ ಭಾವ, ಮನೇಲೇ ಟಂಕಸಾಲೆ ಇಟ್ಕೊಂಡು ಟೀಗೆ ಸಾಲ ಹೇಳ್ತೀರಲ್ಲ!" ಅನ್ನುತ್ತಿದ್ದರು. ಅವನು ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ ಅವನಿಗೆ ಅದು ಹೆಮ್ಮೆ.

ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು, "ರೀ, ಸೂಜಿ ಎರಡಾಗಿದೆ" ಎಂದಳು.

"ತೂತು ಎರಡಿದ್ರೆ ಇನ್ನೂ ಸಲೀಸಲ್ವೇನೆ" ಎಂದು ಅವನು ನಕ್ಕ. ನಗು ಮುಗಿಯುವುದರೊಳಗೆ ಅವಳು ಸ್ಟೂಲಿನಿಂದ ಎಡಕ್ಕೆ ವಾಲಿದ್ದಳು.

ಲಕ್ವ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ವಾಪಸಾದದ್ದು ಬಾಯಿ, ಅದೂ ಬಡ್ಡಿ ಸಮೇತ. ಆಮೇಲೆ ಕೋಲಿನ ಆಸರೆಯಲ್ಲಿ ಕಾಲು. ಎಡಗೈ ಮಾತ್ರ ಬಂದ ಹಾಗೆ ಮಾಡಿ ಬಾಗಿಲಲ್ಲೇ ನಿಂತಿತು. ಅಷ್ಟರಲ್ಲಿ ಬುಟ್ಟಿಯ ತುಂಬ ಹರಿದ ತುಂಡು. ಚಿಲ್ಲರೆಯಿಲ್ಲದೆ ಬೇಕರಿಯ ಗಿರಾಕಿಗಳು ಒಬ್ಬೊಬ್ಬರಾಗಿ ಮುಖ್ಯರಸ್ತೆಯ ಕಡೆ ಕಾಲು ಹಾಕತೊಡಗಿದ್ದರು.

"ಇಷ್ಟು ಹರಿದು ಬಂದಿರುವಾಗ ಕೂತ್ಕೊಂಡಿದ್ರೆ ಆಗುತ್ತಾ? ಸೂಜಿ ಕೊಡಿ" ಎಂದಳು. ಬೆಳಿಗ್ಗೆಯೆಲ್ಲ ಕೂತು, ಹಲ್ಲು ಕಚ್ಚಿ, ಆ ಎಡಗೈಯಲ್ಲೇ ಒಂದು ತುಂಡು ಮುಗಿಸಿದಳು. ಮುಗಿಸಿದಾಗ ಅವಳ ಮುಖದಲ್ಲಿ ಬಂದ ಕಳೆಯನ್ನು ಅವನು ಆಸ್ಪತ್ರೆಯಿಂದ ಬಂದ ಮೇಲೆ ಕಂಡೇ ಇರಲಿಲ್ಲ.

"ಹೇಗಿದೆ?"

ಹೊಲಿಗೆ ಗೂಡು ಕೆಡವಿದ ಇರುವೆಗಳ ಹಾಗೆ ದಿಕ್ಕಾಪಾಲಾಗಿತ್ತು. ಅವಳ ಕಣ್ಣಿಗೆ ಮಂಜು, ಬೆರಳು ಮರಗಟ್ಟಿತ್ತು. ಹೊಲಿಗೆ ಹೇಗಿದೆಯೆಂದು ತಿಳಿಯಲು ಅವಳಿಗೆ ಉಳಿದಿದ್ದ ಕಣ್ಣೂ ಬೆರಳೂ ಗಂಡನೇ.

"ಹಳೇ ಥರಾನೇ ಇದೆ ಕಣೆ" ಎಂದ.

ಅದನ್ನು ತಗೊಂಡು ಹೋಗಿ ದಿನಸಿ ಅಂಗಡಿಯ ಕೌಂಟರ್ ಮೇಲೆ ಇಟ್ಟ. ಭೂತಗನ್ನಡಿ ಗಾಜು ಹಿಡಿದು, ಮುಖ ಹುಳ್ಳಗೆ ಮಾಡಿ, "ಭಾವ, ಇದನ್ನ ಯಾವನು ಕೊಟ್ಟ ನಿಮಗೆ? ಪಕ್ಕಾ ಖೋಟಾ" ಎಂದ. ಟೈಲರ್ ಬಾಯಿ ತೆರೆದ. ನಿಜ ಹೇಳಿದರೆ ಇವನು ಕರಗಿ ಹೂಂ ಅನ್ನಬಹುದು. ಆದರೆ ಸೊಟ್ಟ ಹೊಲಿಗೆ ನಡೆಯುತ್ತದೆ ಎಂದಾದರೆ ಸೊಟ್ಟಗೆ ಹೊಲಿಯಲು ಯಾರಿಗೆ ಬರುವುದಿಲ್ಲ? ನಾಳೆಯೇ ಭಾಮೈದ ಶುರು ಮಾಡುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಮಾತು ಸುತ್ತಿ ಸುತ್ತಿ ಅವಳ ಕಿವಿಗೆ ಬೀಳುತ್ತದೆ. ಆ ಸೂಜಿಯೊಂದು ಬಿಟ್ಟರೆ ಅವಳನ್ನು ಎಬ್ಬಿಸಿ ಕೂರಿಸುವುದು ಇನ್ನೇನೂ ಇರಲಿಲ್ಲ.

"ಯಾರೋ ಗಿರಾಕಿ" ಎಂದು ಹೇಳಿ ತುಂಡನ್ನು ಜೇಬಿಗೆ ಹಾಕಿಕೊಂಡ.

ಅಂದಿನಿಂದ ಮಧ್ಯಾಹ್ನ ಅವಳು ಮಲಗಿದಾಗ ಅವನು ಅವಳ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಸೂಜಿ ಹಿಡಿದ. ಊರಿಗೆಲ್ಲ ಸೂಟು ಹೊಲಿದ ಮಾಸ್ಟರು, ಅಕ್ಷರ ತಿದ್ದುವ ಮಗುವಿನ ಹಾಗೆ ನಾಲಗೆ ಹೊರಗೆ ಹಾಕಿ ತಿದ್ದಿದ. ಚುಚ್ಚಿಸಿಕೊಂಡ ಬೆರಳಿನಿಂದ ಟೀ ಲೋಟ ಹಿಡಿದರೆ ಟೀ ಸೋರುತ್ತಿತ್ತು ಎಂದು ಇಸ್ತ್ರಿಯವನು ಆಮೇಲೆ ಹೇಳಿದ್ದುಂಟು, ಅಷ್ಟು ನಂಬಬೇಕಾಗಿಲ್ಲ. ಆದರೆ ಒಂದು ದಿನ ಹೊಲಿಗೆ ಎಡಕ್ಕೆ ವಾಲಿತು. ಮೂರು ಉದ್ದ, ಒಂದು ಗಿಡ್ಡ. ಭೂತಗನ್ನಡಿ ಅದನ್ನು ನೋಡಿ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು, "ನೋಡ್ರಪ್ಪ, ಎಡಚಕ್ಕನ ಕೈ ಅಂದ್ರೆ ಇದು! ಲಕ್ವಾನೇ ಹೊಡೆದ್ರೂ ಹೊಲಿಗೆ ಕೂದಲೆಳೆ ಕದಲಿಲ್ಲ" ಎಂದು ಕಣ್ಣು ಒರೆಸಿಕೊಂಡ. ಎಲ್ಲರೂ ಭಾವನ ಬೆನ್ನು ತಟ್ಟಿದರು. ಅವನು ಗೋಡೆಗೆ ಅಂಟಿಕೊಂಡು ಮನೆಗೆ ಬಂದ. ಬದುಕಿರುವ ಹೆಂಡತಿಯ ಕೈಯನ್ನೇ ಕದ್ದುಕೊಂಡು ಹೋಗುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಬೀದಿಗೆ ಮತ್ತೆ ಉಸಿರು ಬಂತು. ಅವಳು ಬೆಳಿಗ್ಗೆ ಹೊಲಿದದ್ದನ್ನು ಅವನು "ಕೊಟ್ಟು ಬರ್ತೀನಿ" ಎಂದು ಎತ್ತಿಕೊಳ್ಳುವುದು, ಮಧ್ಯಾಹ್ನ ತಾನು ಹೊಲಿದದ್ದನ್ನು ಕೊಟ್ಟು ಬರುವುದು. ಅವಳವನ್ನು ಎಸೆಯಲು ಕೈ ಬರಲಿಲ್ಲ. ಯಾರೋ ಹೊಲಿಸಿ, ಬಂದು ಒಯ್ಯದ ಒಂದು ಕೋಟು ಅಂಗಡಿಯಲ್ಲಿ ನೇತಾಡುತ್ತಿತ್ತು. ಅದರ ಭುಜದ ಅಸ್ತರಿನೊಳಗೆ ಒಂದೊಂದೇ ತುರುಕುತ್ತ ಹೋದ. ಬರಬರುತ್ತಾ ಕೋಟು ಪೈಲ್ವಾನನಾಯಿತು. ಬಾಗಿಲಿಗೆ ಬಂದ ಗಿರಾಕಿಗಳು ಅದಕ್ಕೆ ನಮಸ್ಕಾರ ಹೇಳಿ ಒಳಗೆ ಬರುತ್ತಿದ್ದರು.

ಆ ದಿನ ಅವನು ಕ್ಷೌರದವನಿಗೆ ಪ್ಯಾಂಟು ಕೊಟ್ಟು ಬರುವಷ್ಟರಲ್ಲಿ ಸ್ಟೂಲು ಖಾಲಿ. ಗೋಡೆಗೆ ಒರಗಿಸಿದ್ದ ಕೋಲು ಇಲ್ಲ. ಬೆಳಿಗ್ಗೆ ಅವಳು ಹೊಲಿದು ತೊಡೆಯ ಮೇಲೆ ಇಟ್ಟುಕೊಂಡಿದ್ದ ತುಂಡೂ ಇಲ್ಲ. ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ದಿನಸಿ ಅಂಗಡಿಯ ಕೌಂಟರಿಗೆ ಒರಗಿ ಅವಳು ನಿಂತಿದ್ದಳು. ಲಕ್ವದ ನಂತರ ಒಬ್ಬಳೇ ಹೊರಗೆ ಬಂದದ್ದು ಅದೇ ಮೊದಲು. ಮುಖ ಕೆಂಪಗೆ, ಪಂದ್ಯ ಗೆದ್ದವಳ ಹಾಗೆ ಬೀಗುತ್ತಿದ್ದಳು. ಮುಂದೆ ಒಂದು ಸೋಪು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ" ಎನ್ನುತ್ತಿದ್ದ ಭೂತಗನ್ನಡಿ. "ಯಾರೋ ನಿಮಗೇ ಟೋಪಿ ಹಾಕಿದಾರೆ. ಇದು ಖೋಟಾ."

"ಏನಂದೆ?"

"ಖೋಟಾ ಅಕ್ಕ. ಎಂಥ ಧೈರ್ಯ ನೋಡಿ ಬಡ್ಡೀಮಗಂದು, ಮಾಡಿದೋರ ಕೈಗೇ ತಂದು ಕೊಟ್ಟಿದಾನೆ!"

"ನಿನ್ನ ಗಾಜಿಗೆ ಪೊರೆ ಬಂದಿದೆ ಕಣೋ."

"ಬೇಕಾದ್ರೆ ನೀವೇ ನೋಡಿ." ಅವನು ಗಲ್ಲಾಪೆಟ್ಟಿಗೆಯಿಂದ ಇನ್ನೊಂದು ತುಂಡು ತೆಗೆದು ಪಕ್ಕದಲ್ಲಿಟ್ಟು, ಗಾಜನ್ನು ಅವಳ ಬಲಗೈಗೆ ಕೊಟ್ಟ. "ಇದು ನಿನ್ನೆ ಭಾವ ತಂದಿದ್ದು. ನಿಮ್ಮ ಕೈ ಅಂದ್ರೆ ಹೀಗಿರುತ್ತೆ."

ಟೈಲರ್ ಬಾಗಿಲಲ್ಲಿ ನಿಂತಿದ್ದ. ಅವನ ಬಾಯಲ್ಲಿ ಸುಳ್ಳುಗಳು ಸಾಲುಗಟ್ಟಿ ನಿಂತಿದ್ದವು. ಒಂದೂ ಹೊರಗೆ ಹೆಜ್ಜೆ ಇಡಲಿಲ್ಲ.

ಮಂಜು ಕವಿದ ಕಣ್ಣಿಗೆ ಆ ಗಾಜಿನೊಳಗೆ ಎಲ್ಲವೂ ಹಗ್ಗದಷ್ಟು ದಪ್ಪಗೆ ಕಂಡಿರಬೇಕು. ಅವಳು ಮೊದಲು ಸೊಟ್ಟ ಹೊಲಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಇನ್ನೊಂದನ್ನು. ಗಾಜು ಅಂಚಿನ ಉದ್ದಕ್ಕೂ ಮೆಲ್ಲಗೆ ಸರಿದು ಮೂಲೆಗೆ ಬಂದು ನಿಂತಿತು. ಮೂಲೆ ತಿರುಗುವಲ್ಲಿ ಎರಡು ಹೊಲಿಗೆ ಒಂದರ ಮೇಲೊಂದು. ಕೋಟಿನ ಕಾಲರಿಗೆ ಟೈಲರುಗಳು ಹಾಕುವ ಹಾಗೆ. ಅಷ್ಟು ಅಭ್ಯಾಸವನ್ನು ಮಾತ್ರ ಅವನ ಕೈ ಬಿಟ್ಟಿರಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಆದರೆ ಓಡಿ ಬಂದ ಗಂಡನ ಏದುಸಿರು ಗುರುತು ಸಿಗದಷ್ಟು ಲಕ್ವ ಅವಳಿಗೆ ಹೊಡೆದಿರಲಿಲ್ಲ.

"ಹೌದು ಕಣೋ" ಎಂದಳು, ಗಂಡನ ತುಂಡಿನ ಮೇಲೆ ಬೆರಳಿಟ್ಟು. "ಇದು ನನ್ನದು."

"ಮತ್ತೆ ಅದು?"

"ಅದು ಯಾರೋ ಕೈಲಾಗದವರದ್ದು."

ಭೂತಗನ್ನಡಿ ಆ ತುಂಡನ್ನು ಬಾಗಿಲ ಪಕ್ಕದ ಮೊಳೆಗೆ ಚುಚ್ಚಿ ನೇತುಹಾಕಿದ. ಎಲ್ಲರೂ ನೋಡಿ ಎಚ್ಚರವಾಗಿರಲಿ ಎಂದು. ಸೋಪಿಗೆ ಟೈಲರ್ ತನ್ನ ಜೇಬಿನಿಂದ ಅಸಲಿ ತುಂಡು ಕೊಟ್ಟ.

ದಾರಿಯುದ್ದಕ್ಕೂ ಜನ. "ಅಕ್ಕಾ, ಕಾಲು ಬಂತಾ!" ಬೇಕರಿಯವನು ಕೂಗಿದ. "ಬರದೆ ಏನು, ನಿನ್ನ ಬ್ರೆಡ್ಡು ಮೆತ್ತಗಾಗಿದೆ ಅಂತ ಸುದ್ದಿ ಬಂತು, ನೋಡೋಕೆ ಬಂದೆ" ಎಂದಳು. ಅವನು ಬಿದ್ದು ಬಿದ್ದು ನಕ್ಕ. ಟೈಲರ್ ಅವಳ ಎಡ ಪಕ್ಕದಲ್ಲಿ ಬರಿಗಾಲಲ್ಲಿ ನಡೆದ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತ ಮೇಲೆ ಕೇಳಿದಳು: "ಎಲ್ಲಿಟ್ಟಿದೀರಿ?"

"ಏನನ್ನ?"

"ನಾಟಕ ಸಾಕು. ನಾನು ಹೊಲಿದದ್ದನ್ನ."

ಅವನು ಕೋಟಿನ ಕಡೆ ನೋಡಿದ. ಅವಳೂ ನೋಡಿದಳು.

"ಅದೇ ಅಂದ್ಕೊಂಡೆ. ಅಷ್ಟಗಲ ಭುಜದ ಗಂಡಸು ಈ ಬೀದೀಲಿ ಯಾರಿದಾನಪ್ಪ ಅಂತ." ನಕ್ಕಳು. ಮುಖದ ಬಲಗಡೆ ಮಾತ್ರ ನಕ್ಕಿತು. "ತೆಗೀರಿ. ಬಿಚ್ಚಿ ಎಲ್ಲಾನೂ."

"ಯಾಕೆ ಕಣೆ? ಇರಲಿ ಬಿಡು."

"ಬಟ್ಟೆ ಯಾಕೆ ದಂಡ? ಹೊಲಿಗೆ ಬಿಚ್ಚಿದ್ರೆ ಮತ್ತೆ ಹೊಲೀಬಹುದು. ನೀವು. ಮೂಲೇಲಿ ಮಾತ್ರ ಎರಡೆರಡು ಹಾಕ್ಬೇಡಿ, ನಾನು ಹಾಕಲ್ಲ." ಆಮೇಲೆ ತಿದ್ದಿಕೊಂಡಳು: "ಹಾಕ್ತಿರ್ಲಿಲ್ಲ."

ಅವನು ಕೋಟಿನ ಭುಜ ಸೀಳಿ, ಅವಳ ಕಾಲ ಬಳಿ ನೆಲದ ಮೇಲೆ ಕೂತು ಒಂದು ತುಂಡು ಕೈಗೆತ್ತಿಕೊಂಡ. ಹೊಲಿಗೆ ಸಡಿಲ, ಎಳೆದರೆ ಬರಬೇಕಿತ್ತು. ಆದರೆ ಕೊನೆಯಲ್ಲಿ ಗಂಟಿನ ಮೇಲೆ ಗಂಟು, ಗಂಟಿನ ಮೇಲೆ ಗಂಟು. ಜನರ ಕೈಗೆ ಹೋದ ಮೇಲೆ ಬಿಚ್ಚಿಕೊಳ್ಳಬಾರದೆಂದು ಒಂದೇ ಕೈಯಲ್ಲಿ, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ ಬಿಗಿದದ್ದು. ದಾರದ ಮೇಲೆ ಹಲ್ಲಿನ ಗುರುತಿತ್ತು.

"ಇದು ಬಿಚ್ಚಕ್ಕೆ ಬರ್ತಿಲ್ಲ ಕಣೆ" ಎಂದ.

"ಬರುತ್ತೆ. ಎಳೀರಿ."

ಅವನು ಎಳೆದ. ದಾರ ಹೊರಗೆ ಬಂದಾಗ ಹೊಲಿಗೆಯ ಸೊಟ್ಟ ಹಾಗೇ ಅದರಲ್ಲಿ ಉಳಿದಿತ್ತು. ಅವಳು ಬಲಗೈ ಚಾಚಿದಳು. ಅವನು ಬಿಚ್ಚಿದ ದಾರವನ್ನೆಲ್ಲ ಒಂದೊಂದಾಗಿ ಆ ಕೈಗೆ ಹಾಕುತ್ತ ಹೋದ.