ಉಗುರುಸಂದಿಯ ಅಂಟು

ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಮ್ಮ್ ದೀಬ್ ಶವದ ಹೆಬ್ಬೆರಳನ್ನು ಮೂರನೆಯ ಸಲ ಉಜ್ಜಿದಳು. ಊರಿನ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸುವವಳು ಅವಳೇ. ಉಗುರುಸಂದಿಯಲ್ಲಿ ಕಪ್ಪುಹಸಿರು ಅಂಟು ಕಲ್ಲಾಗಿ ಕೂತಿತ್ತು.

"ಇದು ಹೋಗ್ದೆ ನೀರು ಚರ್ಮಕ್ಕೆ ತಾಗಲ್ಲ ಕಣಮ್ಮ. ನೀರು ತಾಗ್ದೆ ಸ್ನಾನ ಆಗಲ್ಲ," ಎಂದಳು ರುದೈನಾಳಿಗೆ. "ನಿಮ್ಮಮ್ಮ ಬದುಕಿದ್ದಾಗ್ಲೂ ಸುಲಭಕ್ಕೆ ಬಿಟ್ಟುಕೊಟ್ಟೋಳಲ್ಲ."

ಕಡ್ಡಿಯಿಂದ ಕೆರೆಯಬೇಕಾಯಿತು. ಅಂಟಿನ ಚೂರುಗಳ ಜೊತೆ ಚರ್ಮದ ಸಿಪ್ಪೆಯೂ ಎದ್ದು ಬಂತು. ಸೋದರತ್ತೆ ಬದೀಆ ಅಷ್ಟನ್ನೂ ಒಂದು ಕಡಲಚಿಪ್ಪಿಗೆ ಒಟ್ಟುಮಾಡುತ್ತಿದ್ದಳು. ಅದನ್ನು ಅಮ್ಮನ ಜೊತೆಗೇ ಹೂಳಿಬಿಡೋಣ ಎಂದು ರುದೈನಾ ಎರಡು ಸಲ ಬೇಡಿಕೊಂಡಳು. ಅತ್ತೆ ಚಿಪ್ಪನ್ನು ಮುಸುಕಿನಡಿ ಸೇರಿಸಿದಳು.

"ಒಳ್ಳೇ ಮಾಲು. ಮಣ್ಣಿಗ್ಯಾಕೆ?"

*

ಬೇಸಿಗೆ ಹತ್ತಿತೆಂದರೆ ರುದೈನಾಳ ಅಮ್ಮ ಜಹಿಯ್ಯಾ ನಸುಕಿಗೇ ಬಂಡೆಗಳ ನಡುವೆ ಇರುತ್ತಿದ್ದಳು. ಅಲ್ಲಿ ಮಹಮೂದಾ ಬಳ್ಳಿ ವರ್ಷವರ್ಷವೂ ಹಳೆಯ ಬೇರಿನಿಂದಲೇ ಚಿಗುರಿ, ಮಾಸಲು ಬಿಳಿಯ ಹೂ ಬಿಡುತ್ತಿತ್ತು. ಮಣ್ಣು ಸರಿಸಿ, ಬೇರಿನ ತಲೆಯನ್ನು ಓರೆಯಾಗಿ ಕೊಯ್ದು, ಕೆಳಗೆ ಚಿಪ್ಪು ಸಿಕ್ಕಿಸುವಳು. ಸೋರಿದ ಹಾಲು ಚಿಪ್ಪಿನಲ್ಲೇ ಹೆಪ್ಪುಗಟ್ಟಿ ಕಪ್ಪುಹಸಿರು ಅಂಟಾಗುವುದು. ಹೊಟ್ಟೆ ಕಟ್ಟಿದವರಿಗೆ ಭೇದಿ ಮಾಡಿಸುವ ಔಷಧಿ ಅದು.

ಅಲೆಪ್ಪೊದ ವ್ಯಾಪಾರಿ ಅಬೂ ನಸೂಹ್ ಕೊಳ್ಳುವ ಮೊದಲು ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡುವನು. ಹಾಲಿನಂತೆ ಬೆಳ್ಳಗೆ ಕರಗಿದರೆ ಅಪ್ಪಟ, ಇಲ್ಲವಾದರೆ ಹಿಟ್ಟು ಬೆರೆಸಿದ್ದು. ಆದರೆ ಅವಳು ಕೊಟ್ಟ ಕಾಫಿಯನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಲಿಲ್ಲ.

"ನಿನ್ನ ಕೈಯಲ್ಲಿ ಕುಡಿದ್ರೆ ಅಲೆಪ್ಪೊ ಮುಟ್ಟೋವರೆಗೂ ಪೊದೆಪೊದೆ ಹಿಂದೆ ಕೂರಬೇಕಾಗ್ತದೆ, ತಾಯಿ," ಎಂದು ನಾಲ್ಕು ಜನರನ್ನು ನಗಿಸುವನು.

ಮುಂದಿನ ವರ್ಷ ಜಹಿಯ್ಯಾ ಬೂದಿ ಹಾಕಿ ಕೈ ಉಜ್ಜಿಕೊಂಡು ಮತ್ತೆ ಕಾಫಿ ಕಾಸುವಳು. ಆರಿದ ಬಟ್ಟಲನ್ನು ಬಾಗಿಲಾಚೆ ಚೆಲ್ಲುವ ಕೆಲಸ ರುದೈನಾಳದು.

*

ಮಣ್ಣು ಮಾಡಿ ಗಂಡಸರು ಮರಳಿದಾಗ ಅಬೂ ನಸೂಹ್ ಅಂಗಳದಲ್ಲಿ ಕೂತಿದ್ದ. ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡ. ರುದೈನಾ ಕಹಿಕಾಫಿ ತಂದು ಮುಂದೆ ಹಿಡಿದಳು. ಅವನು ಅವಳ ಬೆರಳುಗಳನ್ನೊಮ್ಮೆ ನೋಡಿ, ಎದೆಯ ಮೇಲೆ ಕೈಯಿಟ್ಟು, ಬೇಡವೆಂದ.

ಆಗ ಬದೀಆ ಚಿಪ್ಪು ತಂದಿಟ್ಟಳು. "ನಮ್ಮತ್ತಿಗೇದು. ಇನ್ನಿಲ್ಲ, ಇದೇ ಕಡೇದು."

ಅದು ಎಲ್ಲಿಂದ ಕೆರೆದದ್ದೆಂಬ ಮಾತು ರುದೈನಾಳ ನಾಲಿಗೆಯ ತುದಿಗೆ ಬಂತು. ಅವಳು ಕೈಯಲ್ಲಿದ್ದ ತುಂಬಿದ ಬಟ್ಟಲನ್ನು ನೋಡಿದಳು. ಮಾತನ್ನು ನುಂಗಿಕೊಂಡಳು.

ಅಬೂ ನಸೂಹ್ ಎಲ್ಲಕ್ಕಿಂತ ದೊಡ್ಡ ಚೂರನ್ನು ಆರಿಸಿಕೊಂಡ. ಅದರ ಅಂಚಿಗೆ ತೆಳ್ಳನೆಯ ಸಿಪ್ಪೆಯೊಂದು ಅಂಟಿತ್ತು. ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದ.

"ಅಪ್ಪಟ," ಎಂದು ಎಲ್ಲರಿಗೂ ಕಾಣುವಂತೆ ನಾಲಿಗೆ ಚಾಚಿದ. ಅದರ ಮೇಲೆ ಹಾಲು ಬೆಳ್ಳಗೆ ಹರಡುತ್ತಿತ್ತು.